ಮೇಣದ ಅಚ್ಚಿನಲ್ಲಿ ಎರಡು ಕಾಲ

ಬೆಳಕು ಇನ್ನೂ ಅಡಿಕೆ ಮರಗಳ ತುದಿಯಲ್ಲೇ ಇರುತ್ತದೆ, ಬುಡಕ್ಕೆ ಇಳಿದಿರುವುದಿಲ್ಲ. ಸುಳ್ಯದಿಂದ ಹೊರಟ ಮೊದಲ ಬಸ್ಸುಗಳು ಜಾಲ್ಸೂರು, ಕಾವು, ಕುಂಬ್ರ ದಾಟಿ ಪುತ್ತೂರಿನ ನಿಲ್ದಾಣಕ್ಕೆ ಬಂದು ನಿಲ್ಲುತ್ತವೆ. ಅದೇ ಹೊತ್ತಿಗೆ ಕಡಬದ ಬಸ್ಸು ಆಲಂಕಾರು ದಾಟಿ, ಕುಮಾರಧಾರೆ ನೇತ್ರಾವತಿಯನ್ನು ಕೂಡುವ ಉಪ್ಪಿನಂಗಡಿಗೆ ಬಂದಿರುತ್ತದೆ. ಎರಡು ದಾರಿಗಳೂ ಮಾಣಿಯಲ್ಲಿ ಸೇರಿ ಮಂಗಳೂರಿನ ಕಡೆ ತಿರುಗುತ್ತವೆ. ಬಸ್ಸಿನ ತುಂಬ ಕಾಲೇಜು ಮಕ್ಕಳು, ಅಂಗಡಿ ಕೆಲಸಕ್ಕೆ ಹೋಗುವವರು. ಅವರ ನಡುವೆ, ಮುಂದಿನ ಸಾಲಿನ ಯಾವುದೋ ಸೀಟಿನಲ್ಲಿ, ದೊಡ್ಡ ಪ್ಲಾಸ್ಟಿಕ್ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ ಒಬ್ಬರು ಇದ್ದೇ ಇರುತ್ತಾರೆ. ಕವರಿನಲ್ಲಿ ಸ್ಕ್ಯಾನಿಂಗ್ ಫಿಲ್ಮು, ರಕ್ತದ ರಿಪೋರ್ಟು, ಎಂಡೋಸ್ಕೋಪಿಯ ಬಣ್ಣದ ಚಿತ್ರ, ರೇಷನ್ ಕಾರ್ಡಿನ ಜೆರಾಕ್ಸ್. ಪಕ್ಕದಲ್ಲಿ ಮಗನೋ ಮಗಳೋ, ಕೈಯಲ್ಲಿ ಫ್ಲಾಸ್ಕು. ಫ್ಲಾಸ್ಕಿನಲ್ಲಿ ಗಂಜಿಯ ತಿಳಿ.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಅನ್ನನಾಳದ ಕ್ಯಾನ್ಸರು ಬಹಳ ಸಲ ಗಂಜಿಯ ಮರೆಯಲ್ಲಿ ಬೆಳೆಯುತ್ತದೆ. ಊಟದ ಮೊದಲ ತುತ್ತು ಎದೆಯ ನಡುವೆ ನಿಂತ ಹಾಗಾದಾಗ ಒಂದು ಗುಟುಕು ನೀರು ಕುಡಿದರೆ ಇಳಿಯುತ್ತದೆ. ಕೆಲವು ವಾರ ಕಳೆದ ಮೇಲೆ ರೊಟ್ಟಿ ಬೇಡವಾಗುತ್ತದೆ, ಮಾಂಸದ ತುಂಡು ಬೇಡವಾಗುತ್ತದೆ. ಆಮೇಲೆ ಅನ್ನವನ್ನು ಕಿವುಚಿ ಉಣ್ಣುವ ಅಭ್ಯಾಸ ಶುರುವಾಗುತ್ತದೆ. ಕುಚ್ಚಿಲಕ್ಕಿಯ ಗಂಜಿ ಇಲ್ಲಿ ಕಾಯಿಲೆಯವರ ಪಥ್ಯ ಮಾತ್ರವಲ್ಲ. ತೋಟದಿಂದ ಬಂದವರ ಬೆಳಗಿನ ಊಟವೂ ಅದೇ. ಹಾಗಾಗಿ ಅಜ್ಜ ಮೂರು ಹೊತ್ತೂ ಗಂಜಿ ಕೇಳಿದರೆ ಮನೆಯಲ್ಲಿ ಯಾರಿಗೂ ಅದು ವಿಚಿತ್ರವೆನಿಸುವುದಿಲ್ಲ.

“ಗಂಜಿ ಇಳಿತದೆ ಡಾಕ್ಟ್ರೇ, ಅನ್ನ ಮಾತ್ರ ನಿಲ್ತದೆ.”

“ಎಷ್ಟು ಸಮಯ ಆಯ್ತು ಅಜ್ಜ?”

“ಹೋದ ಕೊಯ್ಲಿನ ಸಮಯಕ್ಕೆ ಶುರು ಆದದ್ದು.”

ಇಲ್ಲಿಯ ತೋಟದವರ ಕ್ಯಾಲೆಂಡರು ಅಡಿಕೆಯದು. ಕೊಯ್ಲು, ಮಳೆಗಾಲದ ಮದ್ದು ಬಿಡುವುದು, ಮತ್ತೆ ಕೊಯ್ಲು. ಒಂದು ಕೊಯ್ಲಿನಿಂದ ಇನ್ನೊಂದು ಕೊಯ್ಲಿನವರೆಗೆ ಗಂಟಲಿನ ತೊಂದರೆಯನ್ನು ಮುಂದೂಡಿದರೆ ಒಳಗಿನ ಗಡ್ಡೆಗೆ ತಿಂಗಳುಗಳ ಬಿಡುವು ಸಿಕ್ಕಿದಂತಾಗುತ್ತದೆ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ, ಹಿಗ್ಗಬಲ್ಲ ಸ್ನಾಯುವಿನ ಕೊಳವೆ. ಒಳಗೆ ಗಡ್ಡೆ ಬೆಳೆದರೂ ಅದು ಹಿಗ್ಗಿ ದಾರಿ ಮಾಡಿಕೊಡುತ್ತದೆ. ತುತ್ತು ಸಿಕ್ಕಿಕೊಳ್ಳತೊಡಗುವಷ್ಟರಲ್ಲಿ ದಾರಿ ಬಹಳಷ್ಟು ಕಿರಿದಾಗಿರುತ್ತದೆ.

*

ಚಳಿಗಾಲ ಮುಗಿಯುವ ಹೊತ್ತಿಗೆ ಪುತ್ತೂರು ಸೀಮೆಯ ಯಾವ ಮನೆಯ ಅಂಗಳಕ್ಕೆ ಹೋದರೂ ಕಾಲಿಡಲು ಜಾಗ ಇರುವುದಿಲ್ಲ. ಹಣ್ಣಡಿಕೆ ಕೇಸರಿ, ಅರೆ ಒಣಗಿದ್ದು ಕಂದು, ಪೂರ್ತಿ ಒಣಗಿದ್ದು ಬೂದು. ಬಿಸಿಲಿಗೆ ಒಣಗಿದ ಸಿಪ್ಪೆಯ ಒಗರು ವಾಸನೆ ಜಗಲಿಯವರೆಗೂ ಹಬ್ಬಿರುತ್ತದೆ. ಸುಲಿದು ಚಾಲಿ ಮಾಡಿ ಗೋಣಿಗೆ ತುಂಬಿದ ಅಡಿಕೆಯೇ ಇಲ್ಲಿ ಮಕ್ಕಳ ಫೀಸು, ಮದುವೆಯ ಚಿನ್ನ, ಬ್ಯಾಂಕಿನ ಕಂತು. 1973ರಲ್ಲಿ ಬೆಳೆಗಾರರು ಕಟ್ಟಿಕೊಂಡ ಕ್ಯಾಂಪ್ಕೋ ಸಂಸ್ಥೆ ಈ ಸೀಮೆಯ ಬೆನ್ನೆಲುಬು. ಇಲ್ಲಿನ ಆಸ್ಪತ್ರೆ ಬಿಲ್ಲಿನಲ್ಲೂ ಒಂದು ಪಾಲು ಅಡಿಕೆಯಿಂದಲೇ ಬರುತ್ತದೆ.

ಜಗಲಿಯ ಇನ್ನೊಂದು ಮೂಲೆಯಲ್ಲಿ ಎಲೆಯಡಿಕೆಯ ಹರಿವಾಣ. ವೀಳ್ಯದೆಲೆ, ಅಡಿಕೆಯ ಹೋಳು, ಸುಣ್ಣ, ಪಕ್ಕದಲ್ಲಿ ಮಡಚಿಟ್ಟ ಹೊಗೆಸೊಪ್ಪು. ಬಂದವರಿಗೆ ಬೆಲ್ಲ ನೀರು ಕೊಟ್ಟ ಮೇಲೆ ಹರಿವಾಣ ಮುಂದಕ್ಕೆ ಸರಿಯುತ್ತದೆ. ಈ ಉಪಚಾರದ ಬಗ್ಗೆ ಹೇಳಬೇಕಾದ ಮಾತು ಕಹಿಯದು, ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಬೆರೆಸಿದ ಎಲೆಯಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಗುರುತಿಸಿತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಅದೇ ಮೊದಲ ಗುಂಪಿಗೆ ಸೇರಿಸಿತು. 2012ರ ಮರುಪರಿಶೀಲನೆಯಲ್ಲಿ ಬಾಯಿಯ ಕ್ಯಾನ್ಸರಿನ ಜೊತೆಗೆ ಅನ್ನನಾಳದ ಕ್ಯಾನ್ಸರನ್ನೂ ಹೆಸರಿಸಿತು. ಬೀಡಿ, ಸಾರಾಯಿ ಜೊತೆಗೂಡಿದರೆ ಅಪಾಯ ಹೆಚ್ಚುತ್ತದೆ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಕುಡಿಯುವ ಅಭ್ಯಾಸವನ್ನೂ ಅದೇ ಸಂಸ್ಥೆ 2016ರಲ್ಲಿ ಅನ್ನನಾಳದಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂದು ಪಟ್ಟಿ ಮಾಡಿದೆ. ತೋಟವನ್ನು ಪ್ರೀತಿಸುವವರು ಕೂಡ ಬಾಯಿಯೊಳಗಿನ ರಸವನ್ನು ಗಂಟಲಿಗೆ ಇಳಿಸುವ ಮೊದಲು ಇದನ್ನು ತಿಳಿದಿರಬೇಕು.

ಪಶ್ಚಿಮದ ದೇಶಗಳಲ್ಲಿ ಈ ಭಾಗದ ಕ್ಯಾನ್ಸರು ಹೆಚ್ಚಾಗಿ ಅನ್ನನಾಳದ ಕೆಳತುದಿಯಲ್ಲಿ, ಅದು ಜಠರವನ್ನು ಸೇರುವಲ್ಲಿ ಹುಟ್ಟುತ್ತದೆ. ಗ್ರಂಥಿಕೋಶಗಳಿಂದ ಬೆಳೆಯುವ ಅದಕ್ಕೆ ಅಡಿನೋಕಾರ್ಸಿನೋಮಾ ಎನ್ನುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳಿಂದ ಬೆಳೆಯುವ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಎರಡೂ ಒಂದೇ ಕೊಳವೆಯಲ್ಲಿ ಬೆಳೆಯುತ್ತವೆ, ಗುಣ ಮಾತ್ರ ಬೇರೆ, ಮದ್ದಿಗೆ ಒಗ್ಗುವ ರೀತಿಯೂ ಬೇರೆ.

*

ಎಂಡೋಸ್ಕೋಪಿ ಕೋಣೆಯಲ್ಲಿ ದೀಪ ಮಂದವಾಗಿರುತ್ತದೆ. ರೋಗಿ ಎಡಮಗ್ಗುಲಿಗೆ ಮಲಗಿರುತ್ತಾರೆ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆ. ಪರದೆಯ ಮೇಲೆ ತೇವದ ತಿಳಿಗುಲಾಬಿ ಸುರಂಗ ತೆರೆದುಕೊಳ್ಳುತ್ತ ಹೋಗಿ, ಒಂದು ಕಡೆ ಬಣ್ಣ ತಟ್ಟನೆ ಕೆಡುತ್ತದೆ. ಅಲ್ಲಿ ಬಿಳಿಚಿದ, ಗಂಟುಗಂಟಾದ ಅಂಚು, ನಡುವೆ ಹುಣ್ಣು, ತಾಗಿದರೆ ರಕ್ತ. ಉದ್ದನೆಯ ತಂತಿಯ ತುದಿಯ ಪುಟ್ಟ ಚಿಮಟ ಬಾಯಿ ತೆರೆದು ಅಂಗಾಂಶವನ್ನು ಕಚ್ಚಿ ಹಿಂದೆ ಬರುತ್ತದೆ. ಎರಡು ಮೂರು ಮಿಲಿಮೀಟರಿನ ಚೂರು. ಇದೇ ಬಯಾಪ್ಸಿ. ಆರರಿಂದ ಎಂಟು ಚೂರು ತೆಗೆಯಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಯಲು ಒಂದೆರಡು ಚೂರು ಸಾಕಾಗಬಹುದು. ಮುಂದೆ ಯಾವ ಮದ್ದು ಕೆಲಸ ಮಾಡೀತು ಎಂದು ತಿಳಿಯಲು ಸಾಲದು.

ಆ ಚೂರುಗಳು ಫಾರ್ಮಾಲಿನ್ ತುಂಬಿದ ಚಿಕ್ಕ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಹೊರಡುತ್ತವೆ. 2002ರಲ್ಲಿ ಶುರುವಾದ ಕೆ.ವಿ.ಜಿ. ವೈದ್ಯಕೀಯ ಕಾಲೇಜಿನಿಂದಾಗಿ ಸುಳ್ಯದಂಥ ಗುಡ್ಡದ ಊರಿಗೂ ಸ್ನಾತಕೋತ್ತರ ಓದು, ರೋಗವಿಜ್ಞಾನ ವಿಭಾಗ ಬಂದಿವೆ. ವಿಶೇಷ ಬಣ್ಣದ ಪರೀಕ್ಷೆಗಳಿಗೆ ಮಂಗಳೂರು, ಮಣಿಪಾಲ, ಬೆಂಗಳೂರಿನ ದಾರಿ ಹಿಡಿಯಬೇಕಾಗಬಹುದು. ಚೂರುಗಳ ನೀರಿನಂಶ ತೆಗೆದು, ಅವನ್ನು ಕರಗಿದ ಮೇಣದಲ್ಲಿ ಅದ್ದಿ, ಅಚ್ಚಿನಲ್ಲಿ ಹುದುಗಿಸುತ್ತಾರೆ. ಆರಿದ ಮೇಲೆ ಅದು ಬೆರಳ ತುದಿಯಲ್ಲಿ ಹಿಡಿಯಬಹುದಾದ ಬಿಳಿ ಚೌಕ. ಅದರ ಮೈಯಲ್ಲಿ ಬೂದು ಚುಕ್ಕೆಯಂತೆ ರೋಗಿಯ ಅಂಗಾಂಶ. ಇದನ್ನು ಬ್ಲಾಕ್ ಎನ್ನುತ್ತಾರೆ. ತಂತ್ರಜ್ಞೆ ಅದನ್ನು ಮೈಕ್ರೋಟೋಮಿಗೆ ಸಿಕ್ಕಿಸಿ ಹಿಡಿ ತಿರುಗಿಸಿದಂತೆ ನಾಲ್ಕು ಮೈಕ್ರಾನ್ ದಪ್ಪದ ಪದರಗಳು ರಿಬ್ಬನ್ನಿನಂತೆ ಒಂದರ ಬಾಲಕ್ಕೊಂದು ಅಂಟಿಕೊಂಡು ಬರುತ್ತವೆ. ಬೆಚ್ಚನೆಯ ನೀರಿನ ಮೇಲೆ ಅವನ್ನು ತೇಲಿಸಿ, ಸುಕ್ಕು ಬಿಡಿಸಿ, ಗಾಜಿನ ಮೇಲೆ ಎತ್ತಿಕೊಳ್ಳುತ್ತಾಳೆ.

ಮೊದಲ ಗಾಜಿಗೆ ನೇರಳೆ ಮತ್ತು ಗುಲಾಬಿ ಬಣ್ಣ. ಕ್ಯಾನ್ಸರನ್ನು ಹೆಸರಿಟ್ಟು ಗುರುತಿಸುವುದು ಅದರಲ್ಲಿ. ಇನ್ನೊಂದು ಗಾಜಿನ ಮೇಲೆ ಪಿಡಿ-ಎಲ್1 ಎಂಬ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಸುರಿಯುತ್ತಾರೆ. ಆ ಪ್ರೋಟೀನು ಇದ್ದಲ್ಲಿ ಕೋಶದ ಅಂಚು ಕಂದಾಗುತ್ತದೆ. ಇಲ್ಲದ ಕಡೆ ನೀಲಿ ಕೋಶಕೇಂದ್ರಗಳು ಮಾತ್ರ ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ನೀಲಿ ಬಯಲಿನಲ್ಲಿ ಅಲ್ಲಲ್ಲಿ ಕಂದು ಗೆರೆ ಎಳೆದ ಚಿತ್ರ. ಕೆಲವು ಕಡೆ ಗುಂಪುಗುಂಪಾಗಿ, ಕೆಲವು ಕಡೆ ಒಂದೂ ಇಲ್ಲದೆ. ಒಂದೇ ಗಡ್ಡೆಯ ಒಂದು ಅಂಚು ಕಂದಾಗಿದ್ದು ಇನ್ನೊಂದು ಅಂಚು ಬೋಳಾಗಿರುವುದುಂಟು.

*

ಈ ಕಂದು ಗೆರೆಯ ಅರ್ಥವನ್ನು ತಿಳಿಯಲು ಮೈಯ ಕಾವಲಿನ ಬಗ್ಗೆ ಒಂದಿಷ್ಟು ಹೇಳಬೇಕು. ರಕ್ತದಲ್ಲಿ ತಿರುಗುವ ಟಿ-ಕೋಶಗಳು ಅನ್ಯವಾದದ್ದನ್ನು ಕಂಡರೆ ಕೊಲ್ಲುತ್ತವೆ. ಅವು ಮಿತಿ ಮೀರಿ ಸ್ವಂತ ಮೈಯನ್ನೇ ಕೊಲ್ಲದಿರಲೆಂದು ಅವುಗಳ ಮೇಲೆ ಪಿಡಿ-1 ಎಂಬ ತಡೆ ಇದೆ. ಆರೋಗ್ಯವಂತ ಕೋಶವು ಪಿಡಿ-ಎಲ್1 ತೋರಿಸಿದರೆ ಅದು ಪಿಡಿ-1ಕ್ಕೆ ತಾಗಿ ಟಿ-ಕೋಶ ಸುಮ್ಮನಾಗುತ್ತದೆ. ಸಂಪಾಜೆಯ ತಪಾಸಣಾ ಗೇಟಿನಲ್ಲಿ ಸರಿಯಾದ ಕಾಗದ ತೋರಿಸಿದ ಲಾರಿಗೆ ಕಂಬ ಮೇಲೆದ್ದ ಹಾಗೆ. ಕ್ಯಾನ್ಸರ್ ಕೋಶವೂ ಅದೇ ಕಾಗದವನ್ನು ಸಂಪಾದಿಸಿಕೊಂಡು ಕಾವಲಿನವರ ಎದುರೇ ದಾಟಿ ಹೋಗುತ್ತದೆ. ಪಿಡಿ-1 ಅನ್ನು 1992ರಲ್ಲಿ ಕಂಡುಹಿಡಿದದ್ದು ಜಪಾನಿನ ತಸುಕು ಹೊಂಜೊ ಅವರ ತಂಡ. ಸಿಟಿಎಲ್‌ಎ-4 ಎಂಬ ಇನ್ನೊಂದು ತಡೆಯನ್ನು ತೆಗೆದರೆ ಟಿ-ಕೋಶಗಳು ಗಡ್ಡೆಯ ಮೇಲೆ ಬೀಳುತ್ತವೆಂದು ತೋರಿಸಿದವರು ಅಮೆರಿಕದ ಜೇಮ್ಸ್ ಆಲಿಸನ್. 2018ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಸಂದಿತು. ನಿವೊಲುಮಾಬ್, ಪೆಂಬ್ರೋಲಿಜುಮಾಬ್, ಡುರ್ವಾಲುಮಾಬ್ ಎಂಬ ಹೆಸರಿನ ಇಂಜೆಕ್ಷನ್ನುಗಳು ಪಿಡಿ-1ರ ತಡೆಯನ್ನು ಬಿಡಿಸುವಂಥವು. ಟಿಮ್-3, ಲಾಗ್-3, ಟಿಗಿಟ್ ಎಂಬ ಇನ್ನೂ ಹಲವು ತಡೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಕಂದು ಬಣ್ಣವನ್ನು ರಿಪೋರ್ಟಿನಲ್ಲಿ ಅಂಕೆಯಾಗಿ ಬರೆಯುತ್ತಾರೆ. ಅದಕ್ಕೆ ಸಿಪಿಎಸ್ ಎಂದು ಹೆಸರು. ಕಂದಾದ ಕ್ಯಾನ್ಸರ್ ಕೋಶ, ಕಂದಾದ ಲಿಂಫೋಸೈಟ್, ಕಂದಾದ ಮ್ಯಾಕ್ರೋಫೇಜ್ ಈ ಮೂರನ್ನೂ ಕೂಡಿಸಿ, ಗಾಜಿನ ಮೇಲಿರುವ ಒಟ್ಟು ಜೀವಂತ ಕ್ಯಾನ್ಸರ್ ಕೋಶಗಳಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಇನ್ನೂರು ಕ್ಯಾನ್ಸರ್ ಕೋಶಗಳಿರುವಲ್ಲಿ ಎಲ್ಲ ಬಗೆಯವು ಸೇರಿ ಹತ್ತು ಕೋಶಗಳು ಕಂದಾಗಿದ್ದರೆ ಸಿಪಿಎಸ್ 5. ಒಂದಕ್ಕಿಂತ ಕಡಿಮೆಯೇ, ಐದು ಅಥವಾ ಹೆಚ್ಚೇ, ಹತ್ತು ಅಥವಾ ಹೆಚ್ಚೇ ಎಂಬ ಗೆರೆಗಳ ಮೇಲೆ ದುಬಾರಿ ಮದ್ದಿನ ತೀರ್ಮಾನಗಳು ನಿಲ್ಲುತ್ತವೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿಯೊಂದು, ಹರಡಿದ ಜಠರ ಮತ್ತು ಅನ್ನನಾಳದ ಕ್ಯಾನ್ಸರಿನಲ್ಲಿ ಪಿಡಿ-ಎಲ್1 ಅಂಕೆ ಒಂದಕ್ಕಿಂತ ಕಡಿಮೆ ಇರುವವರಿಗೆ ತಡೆ ಬಿಡಿಸುವ ಮದ್ದಿನ ಲಾಭ ಅಪಾಯವನ್ನು ಮೀರುವುದಿಲ್ಲ ಎಂಬ ಕಡೆಗೇ ಮತ ಹಾಕಿತು. ಒಂದು ಚಿಕ್ಕ ಅಂಕೆಗೆ ಇಷ್ಟು ತೂಕ ಇರುವಾಗ ಅದನ್ನು ಯಾವಾಗ ಎಣಿಸಿದರು ಎಂಬುದೂ ಅಷ್ಟೇ ಮುಖ್ಯ. ಎಣಿಕೆಗೂ ಶಸ್ತ್ರಚಿಕಿತ್ಸೆಗೂ ನಡುವೆ ಕೀಮೋ ಬರುತ್ತದೆ.

*

ಆಟಿ ತಿಂಗಳ ಮಳೆ. ಮಂಗಳೂರಿನ ಡೇ-ಕೇರ್ ವಾರ್ಡಿನ ಕಿಟಕಿಯ ಆಚೆ ತೆಂಗಿನ ಗರಿಗಳಿಂದ ನೀರು ಸುರಿಯುತ್ತಿರುತ್ತದೆ. ಒಳಗೆ ಒರಗು ಕುರ್ಚಿಗಳ ಸಾಲು, ಪ್ರತಿ ಕುರ್ಚಿಯ ಪಕ್ಕ ಒಂದು ಸ್ಟ್ಯಾಂಡು, ಸ್ಟ್ಯಾಂಡಿನಲ್ಲಿ ಮದ್ದಿನ ಚೀಲ. ಬೆಳಕಿಗೆ ಕೆಡುವ ಮದ್ದುಗಳ ಚೀಲಕ್ಕೆ ಕಪ್ಪು ಹೊದಿಕೆ. ಶಸ್ತ್ರಚಿಕಿತ್ಸೆಗೆ ಮೊದಲು ಗಡ್ಡೆಯನ್ನು ಕುಗ್ಗಿಸಲು, ಕಣ್ಣಿಗೆ ಕಾಣದಂತೆ ಹರಡಿರಬಹುದಾದ ಕೋಶಗಳನ್ನು ಕೊಲ್ಲಲು ಈ ಮದ್ದು. ಜಠರಕ್ಕೆ ಸೇರುವಲ್ಲಿನ ಅಡಿನೋಕಾರ್ಸಿನೋಮಾಕ್ಕೆ ಫ್ಲಾಟ್ ಎಂಬ ನಾಲ್ಕು ಮದ್ದುಗಳ ಜೋಡಣೆ ಇದೆ. ಅದರಲ್ಲಿ ಡೋಸಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ಲ್ಯೂಕೊವೊರಿನ್, ಫ್ಲೋರೋಯುರಾಸಿಲ್ ಸೇರಿವೆ. ಎರಡು ವಾರಕ್ಕೊಮ್ಮೆ, ಶಸ್ತ್ರಚಿಕಿತ್ಸೆಗೆ ಮೊದಲು ನಾಲ್ಕು, ಆಮೇಲೆ ನಾಲ್ಕು ಸಲ. ಕೊನೆಯ ಮದ್ದು ಇಪ್ಪತ್ತನಾಲ್ಕು ಗಂಟೆ ಹನಿಯಬೇಕು. ಸ್ಕ್ವಾಮಸ್ ಬಗೆಯ ಕ್ಯಾನ್ಸರಿಗೆ ಐದು ವಾರ ಕೀಮೋ ಮತ್ತು ವಿಕಿರಣ ಕೂಡಿಸುವ ಕ್ರಾಸ್ ಪದ್ಧತಿ, ಇಲ್ಲವೇ ಮೂರು ಮದ್ದುಗಳ ಕೀಮೋ.

ಆಕ್ಸಾಲಿಪ್ಲಾಟಿನ್ ಒಳಗೆ ಹೋದ ಮೇಲೆ ಕೆಲವು ದಿನ ತಣ್ಣನೆಯದನ್ನು ಮುಟ್ಟಲಾಗುವುದಿಲ್ಲ. ಬೆರಳ ತುದಿಯಲ್ಲಿ ಜುಮುಗುಟ್ಟುತ್ತದೆ, ಗಂಟಲು ಹಿಡಿದ ಹಾಗಾಗುತ್ತದೆ. ಹುಟ್ಟಿದಾಗಿನಿಂದ ತೋಡಿನ ನೀರಿನಲ್ಲಿ ಕಾಲು ತೊಳೆದು ಒಳಗೆ ಬರುತ್ತಿದ್ದವರು ಮಳೆಗಾಲದ ನಡುವೆ ಬಿಸಿನೀರಿಗೆ ಕಾಯಬೇಕಾಗುತ್ತದೆ.

“ಅಮ್ಮಾ, ಬಾವಿಯ ನೀರು ಮುಟ್ಟಬೇಡಿ, ಕೈಗೆ ಸಾಕ್ಸ್ ಹಾಕಿಕೊಳ್ಳಿ” ಎಂದು ನರ್ಸು ಹೇಳುತ್ತಾಳೆ.

“ದನಕ್ಕೆ ಹುಲ್ಲು ಯಾರು ತರುವುದು ಮಗಾ?”

ಇಂಥ ಕಷ್ಟಕ್ಕೆ ಅರ್ಥವಿದೆಯೇ ಎಂದರೆ, ಇದೆ. 2006ರಲ್ಲಿ ಬ್ರಿಟನ್ನಿನ ಮ್ಯಾಜಿಕ್ ಎಂಬ ಪರೀಕ್ಷಾ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಮಾತ್ರ ಆದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 23. ಮೊದಲು ಮತ್ತು ನಂತರ ಕೀಮೋ ಪಡೆದವರಲ್ಲಿ 36. 2012ರ ಕ್ರಾಸ್ ಅಧ್ಯಯನದಲ್ಲಿ ಬದುಕಿನ ಮಧ್ಯಮಾವಧಿ 24 ತಿಂಗಳಿಂದ 49ಕ್ಕೆ ಏರಿತು. 2019ರಲ್ಲಿ ಜರ್ಮನಿಯ ಫ್ಲಾಟ್ ಅಧ್ಯಯನ ಹಳೆಯ ಕೀಮೋದ 35 ತಿಂಗಳನ್ನು 50ಕ್ಕೆ ಒಯ್ದಿತು. ಜಪಾನಿನಲ್ಲಿ ಸ್ಕ್ವಾಮಸ್ ಕ್ಯಾನ್ಸರಿನ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ಮದ್ದುಗಳ ಕೀಮೋ ಪಡೆದವರಲ್ಲಿ ಮೂರು ವರ್ಷ ಬದುಕಿದವರು ನೂರಕ್ಕೆ 72. ಎರಡು ಮದ್ದು ಪಡೆದವರಲ್ಲಿ 62 ಚಿಲ್ಲರೆ.

*

ಕುರ್ಚಿಯಲ್ಲಿ ರೋಗಿ ಕಣ್ಣು ಮುಚ್ಚಿಕೊಂಡಿರುವಾಗ ಗಡ್ಡೆಯೊಳಗೆ ಬಹಳಷ್ಟು ಕದಲಿರುತ್ತದೆ. ಕೀಮೋ ತಾಗಿದ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಆಕ್ಸಾಲಿಪ್ಲಾಟಿನ್‌ನಂಥ ಕೆಲವು ಮದ್ದುಗಳಿಂದ ಅವು ಸಾಯುವಾಗ ಮೈಯ ಕಾವಲನ್ನು ಎಬ್ಬಿಸುವ ಸಂಕೇತಗಳನ್ನು ಹೊರಚೆಲ್ಲುತ್ತವೆ. ಆ ಸುಳಿವು ಹಿಡಿದು ಟಿ-ಕೋಶಗಳು ಬರುತ್ತವೆ. ಬಂದವು ಇಂಟರ್‌ಫೆರಾನ್-ಗಾಮಾ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಅದರ ಸ್ಪರ್ಶವಾದ ಕೂಡಲೇ ಉಳಿದ ಕ್ಯಾನ್ಸರ್ ಕೋಶಗಳು ರಕ್ಷಣೆಗಾಗಿ ಪಿಡಿ-ಎಲ್1 ಅನ್ನು ಹೆಚ್ಚಾಗಿ ಹೊರಹಾಕುತ್ತವೆ. ಮೊದಲ ಬಯಾಪ್ಸಿಯಲ್ಲಿ ನೀಲಿಯಾಗಿದ್ದ ಗಡ್ಡೆ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕಂದಾಗಿರಬಹುದು.

ಇದರ ಉಲ್ಟಾ ಕೂಡ ಆಗುತ್ತದೆ. ಕೀಮೋ ಕ್ಯಾನ್ಸರನ್ನು ಮಾತ್ರ ಹುಡುಕಿ ಕೊಲ್ಲುವ ಮದ್ದಲ್ಲ. ರಕ್ತದ ಬಿಳಿಕಣಗಳನ್ನೂ ಕುಗ್ಗಿಸುತ್ತದೆ. ವಾಂತಿಯಾಗದಿರಲೆಂದು ಕೊಡುವ ಡೆಕ್ಸಾಮೆಥಾಸೋನ್ ಕೂಡ ಕಾವಲನ್ನು ಮಂಕಾಗಿಸುವ ಸ್ಟಿರಾಯ್ಡು. ಪಿಡಿ-ಎಲ್1 ಹೊತ್ತ ಕೋಶಗಳೇ ಹೆಚ್ಚಾಗಿ ಸತ್ತರೆ ಬಣ್ಣ ತೆಳುವಾಗುತ್ತದೆ. ಹಾಗಾಗಿ ಕೀಮೋಕ್ಕೆ ಮೊದಲು ಮತ್ತು ಆಮೇಲೆ ಒಬ್ಬರದ್ದೇ ಗಾಜುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಕೆಲವರಲ್ಲಿ ಅಂಕೆ ಏರಿತು, ಕೆಲವರಲ್ಲಿ ಇಳಿಯಿತು, ಕೆಲವರಲ್ಲಿ ಹಾಗೆಯೇ ಉಳಿಯಿತು. ಅವು ಎಲ್ಲವೂ ಸೇರಿ ಹೇಳುವುದು ಒಂದನ್ನೇ. ಮೊದಲ ದಿನದ ಅಂಕೆ ಕೊನೆಯ ದಿನದವರೆಗೆ ಬಾಳುವ ಮುದ್ರೆ ಎಂದು ತಿಳಿಯಬಾರದು.

ಲೆಕ್ಕದೊಳಗೂ ಒಂದು ಬಲೆ ಇದೆ. ಸಿಪಿಎಸ್ ಅಂಕೆಯ ಛೇದ ಉಳಿದಿರುವ ಜೀವಂತ ಕ್ಯಾನ್ಸರ್ ಕೋಶ. ಕೀಮೋದಿಂದ ಇನ್ನೂರು ಕೋಶ ನೂರಾಯಿತು, ಕಂದಾದವು ಮಾತ್ರ ಮೊದಲಿನಂತೆ ಹತ್ತೇ ಉಳಿದವು ಎಂದಿಟ್ಟುಕೊಳ್ಳಿ. ಸಿಪಿಎಸ್ ಐದರಿಂದ ಹತ್ತಕ್ಕೆ ಏರುತ್ತದೆ. ಒಂದು ಕೋಶವೂ ಹೊಸದಾಗಿ ಕಂದಾಗದೆ ಅಂಕೆ ಎರಡು ಪಟ್ಟಾಯಿತು. ಸತ್ತ ಕೋಶಗಳನ್ನು ನುಂಗಲು ಬಂದ ಮ್ಯಾಕ್ರೋಫೇಜುಗಳೂ ಕಂದಾಗಿದ್ದರೆ ಇನ್ನೂ ಏರುತ್ತದೆ. ಜೀವಂತ ಕ್ಯಾನ್ಸರ್ ಕೋಶ ನೂರಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಪರೀಕ್ಷಾಕ್ರಮದಲ್ಲಿ ಎಣಿಕೆಯನ್ನೇ ಒಪ್ಪುವುದಿಲ್ಲ. ಇನ್ನೊಂದು ತೊಡಕು ಜಾಗದ್ದು. ಬಯಾಪ್ಸಿ ಗಡ್ಡೆಯ ಮೇಲ್ಮೈಯಿಂದ ಹೆಕ್ಕಿದ ಚೂರು, ಶಸ್ತ್ರಚಿಕಿತ್ಸೆಯಲ್ಲಿ ಸಿಗುವುದು ಇಡೀ ಗಡ್ಡೆ. ಎರಡರ ವ್ಯತ್ಯಾಸವೆಲ್ಲ ಕೀಮೋದ್ದೇ ಎಂದು ಹೇಳಲು ಬರುವುದಿಲ್ಲ. ಒಳ್ಳೆಯ ರೋಗವಿಜ್ಞಾನಿ ಅಂಕೆಯ ಪಕ್ಕದಲ್ಲಿ ಈ ಸಂದರ್ಭವನ್ನೂ ಬರೆಯುತ್ತಾರೆ. ಒಳ್ಳೆಯ ವೈದ್ಯರು ಅದನ್ನು ಓದುತ್ತಾರೆ.

*

ಕೊನೆಯ ಕೀಮೋ ಮುಗಿದು ಕೆಲವು ವಾರ ಮೈ ಚೇತರಿಸಿಕೊಂಡ ಮೇಲೆ ಶಸ್ತ್ರಚಿಕಿತ್ಸೆ. ಎದೆ ಮತ್ತು ಹೊಟ್ಟೆ ಎರಡನ್ನೂ ತೆರೆಯುವ, ಅಥವಾ ಸಣ್ಣ ರಂಧ್ರಗಳಿಂದ ಒಳಹೊಕ್ಕು ಮಾಡುವ ಗಂಟೆಗಟ್ಟಲೆಯ ಕೆಲಸ. ರೋಗದ ಭಾಗವನ್ನು ತೆಗೆದು, ಜಠರವನ್ನೇ ಕೊಳವೆಯಂತೆ ರೂಪಿಸಿ ಮೇಲಕ್ಕೆಳೆದು ಉಳಿದ ಅನ್ನನಾಳಕ್ಕೆ ಹೊಲಿಯುತ್ತಾರೆ. ಹೊರಬಂದ ಅಂಗಾಂಶ ಒಂದು ರಾತ್ರಿ ಫಾರ್ಮಾಲಿನಿನಲ್ಲಿದ್ದು ಮರುದಿನ ರೋಗವಿಜ್ಞಾನ ವಿಭಾಗದ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆ. ಅಂಚುಗಳಿಗೆ ಶಾಯಿ ಹಚ್ಚಿ, ಉದ್ದ ಅಳೆದು, ತೆಳ್ಳಗೆ ಹೋಳು ಮಾಡುತ್ತಾರೆ. ಮೊದಲು ಉಬ್ಬಿದ್ದ ಜಾಗ ಈಗ ಬರೀ ಕುಳಿ, ಬಿಳಿ ಕಲೆ. ಸೂಕ್ಷ್ಮದರ್ಶಕದಲ್ಲಿ ನಾರಿನ ಹಾಸು, ನೊರೆಯಂತೆ ಉಬ್ಬಿದ ಮ್ಯಾಕ್ರೋಫೇಜುಗಳು, ಅವುಗಳ ನಡುವೆ ಒಂಟಿಯಾಗಿ ಉಳಿದ ಕ್ಯಾನ್ಸರ್ ಕೋಶಗಳು. ಎಷ್ಟು ಉಳಿದಿದೆ ಎಂದು ಶ್ರೇಣಿ ಹಾಕುವ ಕ್ರಮವನ್ನು 1994ರಲ್ಲಿ ಫ್ರಾನ್ಸಿನ ಮ್ಯಾಂಡಾರ್ಡ್ ತಂಡ ರೂಪಿಸಿತು. ಅದರಲ್ಲಿ ಐದು ಮೆಟ್ಟಿಲುಗಳಿವೆ. ಕೆಲವರಲ್ಲಿ ಹುಡುಕಿದರೂ ಒಂದು ಕೋಶ ಸಿಗುವುದಿಲ್ಲ. ಅದು ಎಲ್ಲರೂ ಬೇಡಿಕೊಳ್ಳುವ ಫಲ. ಅಲ್ಲಿ ಮಾತ್ರ ಯಾವ ಸೂಚಕವನ್ನೂ ಎಣಿಸಲು ಬರುವುದಿಲ್ಲ.

ಈ ಕಾರಣಕ್ಕೇ ಕೀಮೋಕ್ಕೆ ಮೊದಲಿನ ಬ್ಲಾಕು ಅಮೂಲ್ಯ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ನಾಲ್ಕು ಪ್ರೋಟೀನುಗಳ ಪರೀಕ್ಷೆಯನ್ನು ಅಡಿನೋಕಾರ್ಸಿನೋಮಾದಲ್ಲಿ ಅದರಲ್ಲೇ ಮಾಡಿಸಬೇಕು. ಡಿಎನ್‌ಎ ದುರಸ್ತಿಯ ಈ ಪ್ರೋಟೀನುಗಳು ಕೈಕೊಟ್ಟ ಗಡ್ಡೆಗಳು ಕಾವಲಿನ ತಡೆ ಬಿಡಿಸುವ ಮದ್ದಿಗೆ ಚೆನ್ನಾಗಿ ಮಣಿಯುತ್ತವೆ. ಅಂಥವರು ಕಡಿಮೆ, ಆದರೆ ಅವರಿಗೆ ಈ ಒಂದು ಪರೀಕ್ಷೆಯಿಂದ ಚಿಕಿತ್ಸೆಯ ದಾರಿಯೇ ಬದಲಾಗಬಹುದು.

ಶಸ್ತ್ರಚಿಕಿತ್ಸೆಯ ನಂತರದ ಬ್ಲಾಕಿಗೂ ಅದರದೇ ಕೆಲಸವಿದೆ. 2021ರಲ್ಲಿ ಪ್ರಕಟವಾದ ಚೆಕ್‌ಮೇಟ್ 577 ಅಧ್ಯಯನದಲ್ಲಿ, ಕೀಮೋ-ವಿಕಿರಣ ಮತ್ತು ಶಸ್ತ್ರಚಿಕಿತ್ಸೆಯ ನಂತರವೂ ತೆಗೆದ ಅಂಗಾಂಶದಲ್ಲಿ ಕ್ಯಾನ್ಸರ್ ಉಳಿದಿದ್ದ 794 ಮಂದಿ ಇದ್ದರು. ನಿವೊಲುಮಾಬ್ ಪಡೆದವರಲ್ಲಿ ರೋಗ ಮರಳದೆ ಕಳೆದ ಮಧ್ಯಮಾವಧಿ 22.4 ತಿಂಗಳು, ಪಡೆಯದವರಲ್ಲಿ 11. ಮುಂದೆ ಒಟ್ಟು ಬದುಕಿನ ಅವಧಿಯನ್ನು ಹೋಲಿಸಿದಾಗ ಕಂಡ ಅಂತರ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಗೆರೆಯನ್ನು ದಾಟಲಿಲ್ಲ. 2025ರ ಮ್ಯಾಟರ್‌ಹಾರ್ನ್ ಅಧ್ಯಯನ ಇನ್ನೊಂದು ಹೆಜ್ಜೆ ಇಟ್ಟು, ಜಠರ ಮತ್ತು ಅದು ಅನ್ನನಾಳವನ್ನು ಸೇರುವ ಸಂಧಿಯ ಅಡಿನೋಕಾರ್ಸಿನೋಮಾದಲ್ಲಿ ಫ್ಲಾಟ್ ಜೊತೆಗೇ, ಶಸ್ತ್ರಚಿಕಿತ್ಸೆಗೆ ಮೊದಲೇ ಡುರ್ವಾಲುಮಾಬ್ ಕೊಟ್ಟಿತು. ಗಡ್ಡೆ ಪೂರ್ತಿ ಮಾಯವಾದವರ ಪ್ರಮಾಣ ನೂರಕ್ಕೆ 7.2ರಿಂದ 19.2ಕ್ಕೆ ಏರಿತು. ಎರಡು ವರ್ಷ ರೋಗ ಮುಂದುವರಿಯದೆ ಅಥವಾ ಮರಳದೆ ಉಳಿದವರು 58.5ರಿಂದ 67.4ಕ್ಕೆ ಏರಿದರು. ಕೀಮೋ ಎಬ್ಬಿಸಿದ ಕಾವಲನ್ನು ಅದೇ ಹೊತ್ತಿಗೆ ಬಿಡುಗಡೆ ಮಾಡುವ ಈ ಯೋಚನೆಗೆ ಹಿಂದೆ ಹೇಳಿದ ಕಂದು-ನೀಲಿಯ ಬದಲಾವಣೆಯೂ ಒಂದು ಆಧಾರ.

*

ಈ ಫಲ ನೆಟ್ಟಾರಿನ, ಬೆಳ್ಳಾರೆಯ, ಬಿಳಿನೆಲೆಯ ಮನೆಯವರೆಗೆ ಬರುವ ದಾರಿ ಸುಲಭದ್ದಲ್ಲ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣಗಳಿಗೆ ಅದು ದೊಡ್ಡ ಆಸರೆ. ತಡೆ ಬಿಡಿಸುವ ಇಂಜೆಕ್ಷನ್ನುಗಳು ಇಂದಿಗೂ ತೋಟದ ಒಂದು ವರ್ಷದ ಆದಾಯವನ್ನು ನುಂಗುವಷ್ಟು ದುಬಾರಿ. ಪೆಂಬ್ರೋಲಿಜುಮಾಬ್‌ಗೆ 2023ರಲ್ಲಿ, ಡುರ್ವಾಲುಮಾಬ್‌ಗೆ 2024ರಲ್ಲಿ ಕೇಂದ್ರ ಸರ್ಕಾರ ಆಮದು ಸುಂಕ ತೆಗೆದದ್ದು ಒಳ್ಳೆಯ ಹೆಜ್ಜೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಇನ್ನೊಂದು ಬಾಗಿಲು ತೆರೆದಿದ್ದಾರೆ. ತಲೆ ಮತ್ತು ಕತ್ತಿನ ಮುಂದುವರಿದ ಕ್ಯಾನ್ಸರಿನಲ್ಲಿ, ಮಾತ್ರೆಗಳ ಜೊತೆಗೆ, ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮಾಬ್ ಕೊಟ್ಟರು. ವಾಡಿಕೆಯ ಪ್ರಮಾಣದ ಸಣ್ಣ ಪಾಲು ಅದು. ಒಂದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 16.3ರಿಂದ 43.4ಕ್ಕೆ ಏರಿತೆಂದು 2023ರಲ್ಲಿ ಪ್ರಕಟಿಸಿದರು. ಆ ಫಲ ಅನ್ನನಾಳಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಆದರೆ ಬಡವರ ಕೈಗೆಟಕುವ ಪ್ರಮಾಣವನ್ನು ಹುಡುಕಬಹುದು ಎಂಬ ಧೈರ್ಯ ಅದರಿಂದ ಬಂತು. ಅಂಥ ಹುಡುಕಾಟ ಕರಾವಳಿಯ ವೈದ್ಯಕೀಯ ಕಾಲೇಜುಗಳಲ್ಲೂ ನಡೆಯಬೇಕು. ಎಲೆಯಡಿಕೆ ತಿನ್ನುವವರ, ಬೀಡಿ ಸೇದುವವರ ಅನ್ನನಾಳದಲ್ಲಿ ಕೀಮೋದ ಮೊದಲು ಮತ್ತು ನಂತರ ಈ ಸೂಚಕಗಳು ಹೇಗೆ ಬದಲಾಗುತ್ತವೆ ಎಂಬುದಕ್ಕೆ ಉತ್ತರ ಇಲ್ಲಿನ ಬ್ಲಾಕುಗಳಲ್ಲೇ ಇದೆ.

ಆದ್ದರಿಂದ ಪುತ್ತೂರು, ಸುಳ್ಯ, ಕಡಬದ ಮನೆಮನೆಯವರಲ್ಲಿ ಕೆಲವು ವಿನಂತಿಗಳು. ಮನೆಯ ಹಿರಿಯರು ಅನ್ನ ಬಿಟ್ಟು ಗಂಜಿಗೆ ಇಳಿದರೆ, ಯಾಕೆಂದು ಅವತ್ತೇ ಕೇಳಿ. ತುತ್ತು ಸಿಕ್ಕಿಕೊಳ್ಳುವುದು ಮತ್ತೆ ಮತ್ತೆ ಆಗುತ್ತಿದ್ದರೆ ಕೊಯ್ಲು ಮುಗಿಯಲಿ ಎನ್ನದೆ ಎಂಡೋಸ್ಕೋಪಿ ಮಾಡಿಸಿ. ಕ್ಯಾನ್ಸರ್ ಎಂದು ಗೊತ್ತಾದರೆ, ಕೀಮೋ ಶುರುವಾಗುವ ಮೊದಲೇ ಪಿಡಿ-ಎಲ್1 ಮತ್ತು ಡಿಎನ್‌ಎ ದುರಸ್ತಿ ಪ್ರೋಟೀನುಗಳ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಆಸ್ಪತ್ರೆ ಬದಲಾಯಿಸುವಾಗ ರಿಪೋರ್ಟಿನ ಜೊತೆಗೆ ಬ್ಲಾಕು ಮತ್ತು ಗಾಜುಗಳನ್ನೂ ಕೇಳಿ ಪಡೆಯಿರಿ, ಬಿಸಿಲು ತಾಗದ ಕಡೆ ಇಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆಯ ನಂತರದ ರಿಪೋರ್ಟನ್ನು ಮೊದಲಿನದರ ಪಕ್ಕದಲ್ಲಿಟ್ಟು ವೈದ್ಯರಿಗೆ ತೋರಿಸಿ. ಹರಿವಾಣದಿಂದ ಹೊಗೆಸೊಪ್ಪನ್ನು ಇವತ್ತೇ ತೆಗೆಯಿರಿ, ಎಲೆಯಡಿಕೆ ಜಗಿಯುವ ಅಭ್ಯಾಸವನ್ನೂ ಬಿಡಿ. ರೋಗ ಬೇಗ ಸಿಕ್ಕಿದವರಿಗೆ ಇವತ್ತು ನಿಜವಾದ ಚಿಕಿತ್ಸೆ ಇದೆ.